ಅಲೂಕಿಯ ಅಣ್ಣ

ಐದು ಸೆಕೆಂಡು. ಲೀಟಿಯಾ ಹೆಡ್‌ಫೋನನ್ನು ಎರಡೂ ಅಂಗೈಗಳಿಂದ ಕಿವಿಗೆ ಒತ್ತಿಹಿಡಿದು, ಬೆಳಗಿನಿಂದ ಹನ್ನೊಂದನೆಯ ಸಲ ಆ ಐದು ಸೆಕೆಂಡುಗಳನ್ನು ಕೇಳುತ್ತಿದ್ದಳು. ಅದಕ್ಕೆ ಮೊದಲು ಬರುವುದು ಅವಳದೇ ದನಿ, ಪಾಠ ಒಪ್ಪಿಸುವ ಮಗುವಿನ ದನಿ, ಸರ್ಕಾರಿ ಕಾಗದದಿಂದ ಎತ್ತಿಕೊಂಡ ಮಾತು: 'ಶ್ರೀಮತಿ ಅಲೂಕಿ ಅವರೇ, ನಿಮ್ಮ ಅಣ್ಣ ಅವಿಂಗಾಕ್ ಅವರ ಮರಣವನ್ನು ಈ ಚಿತ್ರದಲ್ಲಿ ಅಭಿನಯಿಸಿ ತೋರಿಸಲು ನಿಮ್ಮ ಒಪ್ಪಿಗೆ ಇದೆಯೇ?' ಆಮೇಲೆ ಸೀಲ್ ಪ್ರಾಣಿಯ ತೊಗಲನ್ನು ಹೆರೆಯುತ್ತಿದ್ದ ಕತ್ತಿಯ ಸದ್ದು ನಿಲ್ಲುತ್ತದೆ. ಒಲೆಯ ಮೇಲಿನ ಕೆಟಲ್ ಗುನುಗುತ್ತದೆ. ಪಕ್ಕದ ಕೋಣೆಯ ರೇಡಿಯೋದಲ್ಲಿ ಯಾರೋ ಬಿಂಗೋ ಆಟದ ಸಂಖ್ಯೆ ಕೂಗುತ್ತಾರೆ. ಆಮೇಲೆ ಅಲೂಕಿಯ ದನಿ: 'ಟೀ ಕುಡೀತೀಯೇನೋ?'

ಆ ಐದು ಸೆಕೆಂಡುಗಳಲ್ಲಿ ಅಲೂಕಿ ಉತ್ತರ ಕೊಟ್ಟಿದ್ದಳು. ಅದರಲ್ಲಿ ಅನುಮಾನವಿರಲಿಲ್ಲ. ಹುಬ್ಬು ಮೇಲೇರಿದರೆ ಹೌದು, ಮೂಗು ಸುಕ್ಕಾದರೆ ಇಲ್ಲ. ಎದುರಿಗೇ ಕೂತವರಿಗೆ ಅದಕ್ಕಿಂತ ಹೆಚ್ಚು ಹೇಳುವುದು ಉತ್ತರದ ಹಿಮಸಮುದ್ರದ ದಡದ ಈ ಪುಟ್ಟ ಊರು ಇಗ್ಲೂಲಿಕ್‌ನಲ್ಲಿ ಬಾಯಿಬಡುಕರ ಕೆಲಸ. ಆದರೆ ಲೀಟಿಯಾ ಮುಖ ನೋಡಿರಲಿಲ್ಲ. ರೆಕಾರ್ಡರಿನ ಪುಟ್ಟ ಪರದೆಯ ಮೇಲೆ ಹಸಿರು ಗೆರೆಗಳು ಏಳುತ್ತವೋ ಇಲ್ಲವೋ ಎಂದು ಕಣ್ಣು ನೆಟ್ಟು ಕೂತಿದ್ದಳು. ಗೆರೆಗಳು ಏಳಲಿಲ್ಲ. ತಲೆಯೆತ್ತುವಷ್ಟರಲ್ಲಿ ಮುದುಕಿಯ ಮುಖ ಮತ್ತೆ ಬರಿಯ ಮುಖವಾಗಿ, ಕತ್ತಿ ಮತ್ತೆ ತೊಗಲಿಗೆ ಇಳಿದಿತ್ತು. ಇನ್ನೊಮ್ಮೆ ಕೇಳಬಹುದಿತ್ತು. ಆದರೆ ಹಿರಿಯರನ್ನು ಒಂದೇ ಪ್ರಶ್ನೆ ಎರಡು ಸಲ ಕೇಳುವವರು ಎಳೆಯ ಮಕ್ಕಳು, ಇಲ್ಲವೇ ಪೊಲೀಸರು. ದಕ್ಷಿಣದ ಒಟ್ಟಾವಾದಲ್ಲಿ ನಾಲ್ಕು ವರ್ಷ ಓದಿ ಬಂದ ಮೇಲೆ ಈ ಊರು ತನ್ನನ್ನು ಇವೆರಡರಲ್ಲಿ ಯಾವುದಾಗಿ ನೋಡಲು ಕಾದಿದೆ ಎನ್ನುವ ಅಂಜಿಕೆ ಲೀಟಿಯಾಳಿಗೆ ಮೂವತ್ತಾರರ ಈ ವಯಸ್ಸಿನಲ್ಲೂ ಬಿಟ್ಟಿರಲಿಲ್ಲ. ಟೀ ಕುಡಿದಳು. ಹೌದು ಎಂದೇ ಇರಬೇಕು ಎಂದುಕೊಂಡಳು. ಅದು ಸೆಪ್ಟೆಂಬರಿನಲ್ಲಿ. ಡಿಸೆಂಬರಿನಲ್ಲಿ ಅವಿಂಗಾಕ್‌ನ ಸಾವನ್ನು ಚಿತ್ರೀಕರಿಸಿದಳು. ಈಗ ಜೂನ್. ಒಂಬತ್ತು ತಿಂಗಳು ಒಂದು ಸುಳ್ಳು ಹೊಟ್ಟೆಯಲ್ಲಿದ್ದರೆ ಅದಕ್ಕೆ ಕೈಕಾಲು ಮೂಡುವುದಿಲ್ಲವೇ ಎಂದು ಯೋಚನೆ ಬಂದು ನಗು ಬಂತು, ನಗು ಬಂದದ್ದಕ್ಕೆ ನಾಚಿಕೆಯಾಯಿತು.

ಟೊರಾಂಟೋದಿಂದ ನಿರ್ಮಾಪಕ ಡೆರೆಕ್ ಬರೆದ ಪತ್ರ ಪರದೆಯ ಮೂಲೆಯಲ್ಲಿ ತೆರೆದೇ ಇತ್ತು. ಒಳ್ಳೆಯ ಮನುಷ್ಯ, ಪ್ರತಿ ಪತ್ರದಲ್ಲೂ ಅಲ್ಲಿ ಚಳಿ ಹೇಗಿದೆ ಎಂದು ವಿಚಾರಿಸುತ್ತಾನೆ. ವಕೀಲರು ಧ್ವನಿಮುದ್ರಣವನ್ನು ಕೇಳಿದರಂತೆ, ಅವರಿಗೆ ಎಲ್ಲೂ ಒಪ್ಪಿಗೆ ಕೇಳಿಸಲಿಲ್ಲವಂತೆ. ಒಂದೇ ಒಂದು 'ಹೌದು' ಸಾಕು, ಮೊಬೈಲಿನಲ್ಲಿ ಹಿಡಿದರೂ ನಡೆದೀತು, ಆದರೆ ಸಂಜೆ ಐದರೊಳಗೆ ಬೇಕು. ಇಲ್ಲವಾದರೆ ಚಾನೆಲ್ಲಿನವರು ಈ ವರ್ಷದ ಪಟ್ಟಿಯಿಂದ ಚಿತ್ರವನ್ನು ತೆಗೆಯುತ್ತಾರೆ. ಕರಗುತ್ತಿರುವ ಮಂಜುಗಡ್ಡೆಯ ಬಗ್ಗೆ ಮೂರು ವರ್ಷದ ಕೆಲಸ. ಆ ದೃಶ್ಯವೊಂದನ್ನು ಕತ್ತರಿಸಿದರೆ ಉಳಿಯುವುದೇನು ಎಂದು ಅವಳಿಗೆ ಗೊತ್ತಿತ್ತು: ಮುದುಕ ಮುದುಕಿಯರು ಕುರ್ಚಿಯ ಮೇಲೆ ಕೂತು, ಮೊದಲು ಹೀಗಿರಲಿಲ್ಲ, ಮೊದಲು ಹೀಗಿರಲಿಲ್ಲ ಎನ್ನುವುದು.

ಲ್ಯಾಪ್‌ಟಾಪನ್ನು ಟೋಪಿಯುಳ್ಳ ದಪ್ಪ ಪಾರ್ಕಾ ಕೋಟಿನ ಒಳಗೆ ಎದೆಗವಚಿಕೊಂಡು ಹೊರಟಳು. ಸೂರ್ಯ ಮುಳುಗುವುದನ್ನು ಬಿಟ್ಟು ತಿಂಗಳಾಗಿತ್ತು. ಕೊಲ್ಲಿಯ ಮಂಜುಗಡ್ಡೆ ಆಗಲೇ ಕಪ್ಪಿಟ್ಟು, ಅಲ್ಲಲ್ಲಿ ನೀಲಿ ನೀರು ಮಡುಗಟ್ಟಿತ್ತು. ಇನ್ನೂ ಎರಡು ವಾರ ದಾಟಬಹುದು ಎಂದು ನಂಬಿದ್ದವರ, ಹಿಮದ ಮೇಲೆ ಓಡುವ ಸ್ನೋಮೊಬೈಲುಗಳು ದಡದ ಜಲ್ಲಿಯ ಮೇಲೆ ಮುಖ ತಿರುಗಿಸಿಕೊಂಡು ನಿಂತಿದ್ದವು. ಅವಿಂಗಾಕ್ ಗಡ್ಡೆ ಒಡೆದು ನೀರಿಗೆ ಬಿದ್ದದ್ದು ಲೀಟಿಯಾ ಹುಟ್ಟುವ ಎಷ್ಟೋ ವರ್ಷ ಮೊದಲು, ಒಂದು ನವೆಂಬರಿನ ಮೊದಲ ವಾರ. ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ ಚಿತ್ರೀಕರಿಸಬೇಕೆಂದು ಹಟ ಹಿಡಿದು ಲೀಟಿಯಾ ತಂಡವನ್ನೆಲ್ಲ ಕಟ್ಟಿಕೊಂಡು ಹೋದಾಗ ಅಲ್ಲಿ ಬರೀ ಸಮುದ್ರವಿತ್ತು. ಅಲೆ ಬಂದು ಕಾಲಿನ ಹತ್ತಿರ ನೊರೆ ಬಿಟ್ಟು ಹೋಗುತ್ತಿತ್ತು. ಮಾಂಟ್ರಿಯಲ್ಲಿನ ಕ್ಯಾಮೆರಾದವನು ಅದನ್ನೇ ಹದಿನೈದು ನಿಮಿಷ ತೆಗೆದ. ಇಪ್ಪತ್ತು ವರ್ಷದ ಒಬ್ಬನು ಬಿದ್ದು ಸತ್ತ ಗಡ್ಡೆಯೇ ಈಗ ಇಲ್ಲವಾದರೆ ಅವನು ಬಿದ್ದದ್ದಾದರೂ ಎಲ್ಲಿಗೆ ಎಂದು ಆಗ ಅನ್ನಿಸಿದ್ದು ಮತ್ತೆ ಅನ್ನಿಸಿತು. ಡಿಸೆಂಬರಿನ ತನಕ ಕಾದರು. ಶಾಲೆಯ ವ್ಯಾಯಾಮದ ಮೇಷ್ಟ್ರು ಒಳಗೆ ರಬ್ಬರಿನ ಈಜುಡುಗೆ, ಮೇಲೆ ಹಿಮಜಿಂಕೆಯ ತೊಗಲಿನ ಅಂಗಿ ತೊಟ್ಟು, ಅವಳು ಹೇಳಿದಷ್ಟು ಸಲ ನೀರಿಗೆ ಬಿದ್ದರು. ಆರು ಸಲ. ಆರನೆಯ ಸಲಕ್ಕೆ, ಬಾಯಿತುಂಬ ಬ್ಯಾನಕ್ ರೊಟ್ಟಿ ತುಂಬಿಕೊಂಡಿದ್ದ ಕ್ಯಾಮೆರಾದವನು, 'ಮುಳುಗುವ ಮುಂಚೆ ಒಂದು ಕೈ ಎತ್ತಲಿ, ಕಣ್ಣಿಗೆ ಏನಾದರೂ ಬೇಕಲ್ಲ,' ಎಂದ. ಮೇಷ್ಟ್ರು ಕೈ ಎತ್ತಿದರು. ತುಂಬ ಚೆನ್ನಾಗಿ ಬಂತು. ಚೆನ್ನಾಗಿ ಬಂತು ಎಂದು ಅವಳೇ ಚಪ್ಪಾಳೆ ತಟ್ಟಿದ್ದಳು.

ಯಾರ ಸಾವಿಗೆ ಚಪ್ಪಾಳೆ? ಲೀಟಿಯಾಳ ಇನ್ನೊಂದು ಹೆಸರೂ ಅವಿಂಗಾಕ್, ಹುಲ್ಲುಗಾಡಿನ ಮೋಟುಬಾಲದ ಇಲಿಯ ಹೆಸರು. ಅವಳು ತಾಯಿಯ ಹೊಟ್ಟೆಯಲ್ಲಿದ್ದಾಗ ಅಲೂಕಿಯ ಕನಸಿನಲ್ಲಿ ಅಣ್ಣ ಬಾಗಿಲು ತಳ್ಳಿಕೊಂಡು ಬಂದು ಕುಡಿಯಲು ನೀರು ಕೇಳಿದ. ಬೆಳಿಗ್ಗೆ ಅಲೂಕಿ ನಾಲ್ಕು ಮನೆ ದಾಟಿ ಬಂದು ಬಸುರಿಗೆ ಸುದ್ದಿ ಹೇಳಿದಳು. ಹುಟ್ಟಿದ್ದು ಹೆಣ್ಣಾದರೆ ಏನಂತೆ, ಹೆಸರು ಬಂತು, ಹೆಸರಿನ ಹಿಂದೆ ಅವನು ಬಂದ; ಇಲ್ಲಿ ಸತ್ತವರ ಹೆಸರು ಹೊತ್ತವರು ಆ ಸತ್ತವರೇ. ಹತ್ತು ವರ್ಷದವರೆಗೆ ಲೀಟಿಯಾ ತೊಟ್ಟದ್ದು ಅಲೂಕಿ ಹೊಲಿದುಕೊಟ್ಟ ಗಂಡುಹುಡುಗರ ಪಾರ್ಕಾ, ತಲೆಗೂದಲು ಕಿವಿಯ ಮೇಲಕ್ಕೆ. ಮೊದಲ ಮೀನು ಹಿಡಿದ ದಿನ ಅಷ್ಟನ್ನೂ ಅಣ್ಣ ತಂಗಿಗೆ ಕೊಡುವ ಹಾಗೆ ಅಲೂಕಿಗೆ ಕೊಟ್ಟು ಬಂದಿದ್ದಳು. ಐವತ್ತರ ಹತ್ತಿರದ ತಂಗಿ ಅದನ್ನು ಹಸಿಯಾಗಿಯೇ ತಿಂದು, ಅಣ್ಣನ ಕೈಗುಣ ಹೋಗಿಲ್ಲ ಎಂದು ಬೀದಿಯಲ್ಲೆಲ್ಲ ಹೇಳಿದಳು. ದಕ್ಷಿಣದಿಂದ ಬಂದ ಟೀಚರು ಮಕ್ಕಳನ್ನು ಹುಡುಗರದೊಂದು ಹುಡುಗಿಯರದೊಂದು ಸಾಲು ಮಾಡಿ ನಿಲ್ಲಿಸಿದ ದಿನ ಲೀಟಿಯಾ ಎರಡೂ ಸಾಲಿನ ನಡುವೆ ನಿಂತಿದ್ದಳು. ಟೀಚರು ತೋಳು ಹಿಡಿದು ಎಳೆದು ಒಂದು ಕಡೆ ಸೇರಿಸಿದರು. ಆ ಬೆರಳಿನ ಒತ್ತು ಇನ್ನೂ ತೋಳಿನಲ್ಲಿದೆ. ಈಗಲೂ ಸಹಕಾರಿ ಅಂಗಡಿಯಲ್ಲಿ ಅಲೂಕಿ ಆ ತುದಿಯಿಂದ, 'ಅಣ್ಣಾ, ಆ ಬಿಸ್ಕತ್ತು ನನಗೆ ಎಟಕಲ್ಲ ಕಣೋ, ಇಳಿಸ್ಕೊಡೋ,' ಎಂದು ಕೂಗಿದರೆ ಹೊಸದಾಗಿ ಬಂದ ನರ್ಸುಗಳು ತಿರುಗಿ ನೋಡುತ್ತಾರೆ. ಲೀಟಿಯಾ ಇಳಿಸಿಕೊಡುತ್ತಾಳೆ.

ಅಲೂಕಿ ನೆಲದ ಮೇಲೆ ರಟ್ಟು ಹಾಸಿಕೊಂಡು, ಎರಡೂ ಕಾಲು ನೀಡಿ, ತೊಗಲು ಹೆರೆಯುತ್ತಿದ್ದಳು. ಎಪ್ಪತ್ತೊಂಬತ್ತು ವರ್ಷದ ಬೆನ್ನು ಹಲಗೆಯಂತೆ ನೆಟ್ಟಗಿತ್ತು.

'ಬಂದ್ಯಾ. ಬಾಗಿಲು ಹಾಕೋ, ಸೊಳ್ಳೆ ಬರ್ತವೆ. ಜೂನಲ್ಲೇ ಸೊಳ್ಳೆ. ಅವಕ್ಕೂ ಕ್ಯಾಲೆಂಡರ್ ಮರ್ತುಹೋಗಿದೆ.'

'ಊಟ ಆಯ್ತೇನೇ ತಂಗೀ?'

'ಮೀನಿದೆ. ನೀನು ತಿನ್ನು, ಸೊರಗಿದ್ದೀಯ. ಕಂಪ್ಯೂಟರ್ ಮುಂದೆ ಕೂತು ಕೂತು ನಿನ್ನ ಮುಖ ಹೊಳೇಲಿ ಬಿದ್ದ ಬಟ್ಟೆ ಥರ ಆಗಿದೆ. ಆವಾಗ ಎಷ್ಟು ಚೆನ್ನಾಗಿದ್ದೆ ನೀನು. ಹುಡುಗೀರು ಸಾಲಾಗಿ ನಿಂತಿರೋರು.'

'ಈಗ ಯಾರೂ ನಿಲ್ಲಲ್ಲ.'

'ಈಗ ನೀನೇ ಹುಡುಗಿ ಆಗ್ಬಿಟ್ಯಲ್ಲೋ. ಯಾರು ಹೇಳಿದ್ರು ನಿಂಗೆ ಹಾಗೆ ಬರೋಕೆ?' ಅಲೂಕಿ ಹಲ್ಲಿಲ್ಲದ ಕಡೆಯಿಂದ ನಕ್ಕಳು. ಈ ತಮಾಷೆಗೆ ಮೂವತ್ತಾರು ವರ್ಷ ತುಂಬಿತ್ತು; ಇಬ್ಬರೂ ಹೊಸದೆಂಬಂತೆ ನಕ್ಕರು.

ಲೀಟಿಯಾ ರಟ್ಟಿನ ಅಂಚಿನಲ್ಲಿ ಕೂತಳು. ಜೇಬಿನಲ್ಲಿ ಮೊಬೈಲು ಬೆಚ್ಚಗಿತ್ತು. ತೆಗೆದು ಗುಂಡಿ ಒತ್ತಿ ಪಕ್ಕದಲ್ಲಿಟ್ಟರೆ ಸಾಕು. ದಾರಿಯಲ್ಲಿ ಮಾತು ಜೋಡಿಸಿಕೊಂಡೇ ಬಂದಿದ್ದಳು, ನೇರವಾಗಿ ಕೇಳದೆ, ಹೌದು ಎಂದೇ ಬಾಯಿಬಿಡಬೇಕಾಗುವ ಮಾತು. ಚಿತ್ರ ನೋಡೋಕೆ ಬರ್ತೀಯಾ? ಅಣ್ಣನನ್ನ ಎಲ್ಲರೂ ನೋಡ್ಲಿ, ಅಲ್ವಾ? ಒಂದು 'ಹೌದು' ಎಲ್ಲಿಯದಾದರೇನು, ಕತ್ತರಿಸಿ ತಂದು ಇಲ್ಲಿಗೆ ಅಂಟಿಸಬಹುದು. ಅದೇ ಅಲ್ಲವೇ ತನ್ನ ಕಸುಬು. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅದು ತನ್ನದೇ ಎಂದು ನಂಬಲು ಒಂದು ಗಳಿಗೆ ಹಿಡಿಯಿತು. ಅಲೂಕಿಯ ಕೈ ತೊಗಲಿನ ಮೇಲೆ ಹೋಗಿ ಬರುತ್ತಿತ್ತು, ಕೊಬ್ಬಿನ ಬಿಳಿ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಮೊಬೈಲು ಜೇಬಿನಲ್ಲೇ ಉಳಿಯಿತು.

'ತಂಗೀ, ಆವತ್ತು ನಾನು ಕೇಳಿದ್ನಲ್ಲ, ನೀರಿಗೆ ಬೀಳೋದನ್ನ ತೋರಿಸ್ಲಾ ಅಂತ. ನೀನು ಏನಂದೆ? ನಾನು ನೋಡ್ಲಿಲ್ಲ.'

ಕತ್ತಿ ನಿಲ್ಲಲಿಲ್ಲ. 'ನೋಡ್ಲಿಲ್ಲ ಅಂತ ನಂಗೆ ಗೊತ್ತಲ್ಲ. ಆ ಪೆಟ್ಟಿಗೇನೇ ನೋಡ್ತಿದ್ದೆ, ಅದು ಮೊಟ್ಟೆ ಇಡುತ್ತೆ ಅನ್ನೋ ಹಾಗೆ.'

'ಏನಂದೆ?'

'ಇಲ್ಲ ಅಂದೆ.'

ರೇಡಿಯೋದಲ್ಲಿ ಯಾರೋ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಹೇಳುತ್ತಿದ್ದರು. ಲೀಟಿಯಾಳಿಗೆ ಮೊದಲು ಬಂದದ್ದು ಸಮಾಧಾನ, ಹಲ್ಲು ಕಿತ್ತ ಮೇಲೆ ಬರುವಂಥದ್ದು. ಅದರ ಹಿಂದೆಯೇ ಕಿವಿ ಬಿಸಿಯಾಯಿತು. ಡಿಸೆಂಬರಿನ ಆ ಮೂರು ದಿನ ಊರೆಲ್ಲ ದಡದಲ್ಲಿ ನಿಂತು ನೋಡಿತ್ತು. ಅಲೂಕಿ ಬಂದಿರಲಿಲ್ಲ. ತಂಡಕ್ಕೆಂದು ಒಂದು ಪಾತ್ರೆ ಸೀಲ್ ಸಾರು ಕಳಿಸಿದ್ದಳು. ಅದನ್ನು ಎಲ್ಲರೂ ಒಪ್ಪಿಗೆ ಎಂದು ಕುಡಿದಿದ್ದರು.

'ಮತ್ತೆ ಯಾಕೆ ಸುಮ್ನಿದ್ದೆ? ಮೂರು ದಿನ ನಾವು ಅಲ್ಲಿ...'

'ಅಣ್ಣಂಗೆ ಎರಡೆರಡು ಸಲ ಹೇಳೋಕಾಗುತ್ತೇನೋ? ಮತ್ತೆ ಆವತ್ತು ನೀನು ನನ್ನ ಹೆಸರು ಹಿಡಿದು ಕರೆದೆ. ಹೆಸರು ಹಿಡಿದು. ಶ್ರೀಮತಿ ಬೇರೆ. ಯಾರಪ್ಪ ಇವನು, ಪೋಸ್ಟಾಫೀಸಿನವನು ಬಂದ್ನಾ ಅಂದ್ಕೊಂಡೆ. ಪೋಸ್ಟಾಫೀಸಿನವನು ಕೇಳಿದ್ದಕ್ಕೆ ಇಲ್ಲ ಅಂದೆ. ನೀನು ಕೇಳ್ಲೇ ಇಲ್ಲ.' ಅಲೂಕಿ ತೊಗಲನ್ನು ತಿರುಗಿಸಿ ಹಾಸಿದಳು. 'ಆಮೇಲೆ ಯೋಚ್ನೆ ಮಾಡ್ದೆ. ಸಾವು ನಿಂದು. ತೋರಿಸ್ಕೋಬೇಕು ಅಂತ ನಿಂಗೇ ಅನ್ನಿಸಿದ್ರೆ ನಾನ್ಯಾರು ಬೇಡ ಅನ್ನೋಕೆ?'

ಲೀಟಿಯಾ ಉದುರಿದ ಕೊಬ್ಬಿನ ಸುರುಳಿಯೊಂದನ್ನು ರಟ್ಟಿನ ಅಂಚಿಗೆ ಸರಿಸಿದಳು. ಬಯ್ದಿದ್ದರೆ ಚೆನ್ನಾಗಿತ್ತು. ಬಿಸ್ಕತ್ತಿಗೆ, ಮೀನಿಗೆ, ತಮಾಷೆಗೆ ಅಣ್ಣನಾಗಿದ್ದು, ಸಾವಿನ ಮಾತು ಬಂದಾಗ ಕಾಗದ ಹಿಡಿದು ನಿಂತವಳು ತಾನು. ಆ ಹೆಸರನ್ನು ಹೊತ್ತುಕೊಂಡು ಇಷ್ಟು ವರ್ಷ ತಿರುಗಿದರೂ ಅವನು ಸತ್ತಿದ್ದಾನೆ ಎನ್ನುವುದು ತನಗೂ ಸೇರಿದ ಸಂಗತಿ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

'ತೋರ್ಸು ನೋಡೋಣ,' ಎಂದಳು ಅಲೂಕಿ, ಕೈ ಒರೆಸಿಕೊಳ್ಳುತ್ತ. 'ಹೆಂಗೆ ಬಿದ್ದಿದ್ದೀಯ ಅಂತ.'

ಲ್ಯಾಪ್‌ಟಾಪನ್ನು ಬಿಸ್ಕತ್ತಿನ ಡಬ್ಬದ ಮೇಲಿಟ್ಟು ತೋರಿಸಿದಳು. ಬಿಳಿ ಬಯಲು, ನೀಲಿ ಬೆಳಕು, ದೂರದಲ್ಲಿ ಒಬ್ಬ ಮನುಷ್ಯ ಈಟಿ ಹಿಡಿದು ನಡೆಯುತ್ತಿದ್ದಾನೆ. ಚಿತ್ರದ ಮೇಲೆ ಡೆರೆಕ್ ಬರೆಸಿದ ಇಂಗ್ಲಿಷ್ ನಿರೂಪಣೆ: ಗಡ್ಡೆ ತೆಳುವಾಗುತ್ತಿದೆ, ಅದು ಈಗ ಯಾರನ್ನೂ ಹೊರಲಾರದು.

'ಏನಂತೆ ಅದು?'

ಲೀಟಿಯಾ ಅರ್ಥ ಹೇಳಿದಳು.

'ಸುಳ್ಳು. ಆವಾಗ ಗಡ್ಡೆ ಚೆನ್ನಾಗೇ ಇತ್ತು. ಎರಡು ದಿನ ಕಾಯ್ಬೇಕಿತ್ತು, ನೀನು ಕಾಯ್ಲಿಲ್ಲ. ನಿಂಗೆ ಅವಸರ. ನಿನ್ನ ತಪ್ಪನ್ನ ಗಡ್ಡೆ ಮೇಲೆ ಹಾಕ್ತಿದ್ದೀಯಲ್ಲೋ, ನಾಚ್ಕೆ ಆಗಲ್ವಾ. ಈಗಿನ ಗಡ್ಡೆ ಮೇಲೆ ಏನು ಬೇಕಾದ್ರೂ ಹೇಳು, ನಾನೂ ಸೇರಿಸ್ತೀನಿ.' ನಡೆಯುತ್ತಿದ್ದವನನ್ನು ಬೆರಳಿನಿಂದ ತೋರಿಸಿದಳು. 'ಇವನು ಯಾರು? ಮೇಷ್ಟ್ರಾ? ಬಾತುಕೋಳಿ ಥರ ನಡೀತಾನೆ.'

ಈಟಿಯ ತುದಿ ಗಡ್ಡೆಯನ್ನು ಮುಟ್ಟಿ ನೋಡಿತು. ಒಂದು ಹೆಜ್ಜೆ, ಇನ್ನೊಂದು. ಸದ್ದಿಲ್ಲದೆ ಬಯಲು ಬಾಯಿ ತೆರೆಯಿತು. ತಲೆ, ಭುಜ, ಕಪ್ಪು ನೀರು. ಆಮೇಲೆ ಕೈಗವಸು ತೊಟ್ಟ ಒಂದು ಕೈ ಮೇಲೆದ್ದು, ಗಾಳಿಯಲ್ಲಿ ಒಮ್ಮೆ ಒಳಮುಖವಾಗಿ ಬಾಗಿ, ಹೋಯಿತು.

ಅಲೂಕಿ ನಗಲಿಲ್ಲ. ಪರದೆ ಕಪ್ಪಾದ ಮೇಲೂ ಅದನ್ನೇ ನೋಡುತ್ತಿದ್ದಳು. ಲೀಟಿಯಾ ಈ ಸಲ ಕಣ್ಣು ಕೀಳದೆ ಅವಳ ಮುಖವನ್ನೇ ನೋಡಿದಳು. ಕೆನ್ನೆಯ ಮೇಲಿನ ಹಿಮಗಾಳಿಯ ಹಳೆಯ ಕಲೆಗಳು, ಕಣ್ಣಿನ ಸುತ್ತಲಿನ ಸುಕ್ಕಿನ ಬಲೆ. ಹುಬ್ಬೂ ಏರಲಿಲ್ಲ, ಮೂಗೂ ಸುಕ್ಕಾಗಲಿಲ್ಲ.

'ಆ ಕೈ,' ಎಂದಳು ಅಲೂಕಿ. 'ಆ ಕೈ ವಿಷಯ ಯಾರು ಹೇಳಿದ್ದು ನಿಂಗೆ?'

'ಯಾರೂ ಹೇಳ್ಲಿಲ್ಲ.'

'ನಾನು ಯಾರಿಗೂ ಹೇಳಿಲ್ಲ. ಅಮ್ಮಂಗೂ ಹೇಳಿಲ್ಲ. ಪಾದ್ರಿಗೂ ಹೇಳಿಲ್ಲ.'

ಬಾಯಿತುಂಬ ರೊಟ್ಟಿ ತುಂಬಿಕೊಂಡಿದ್ದ ಕ್ಯಾಮೆರಾದವನ ಮುಖ ಲೀಟಿಯಾಳ ಕಣ್ಣೆದುರು ಬಂದು ನಿಂತಿತು. ಕಣ್ಣಿಗೆ ಏನಾದರೂ ಬೇಕಲ್ಲ. ಅದನ್ನು ಹೇಳಿಬಿಡಬೇಕು, ಈಗಲೇ ಹೇಳಬೇಕು, ತಡವಾದಷ್ಟೂ ಅದು ಇನ್ನೊಂದು ಸುಳ್ಳಾಗುತ್ತದೆ ಎಂದು ತುಟಿ ತೆರೆದಳು. ಅಲೂಕಿಯ ಕೈ ಅವಳ ಮೊಣಕಾಲಿನ ಮೇಲೆ ಬಂದು ಕೂತಿತು. ಕೊಬ್ಬಿನಿಂದ ಜಿಡ್ಡಾದ, ಬೆಚ್ಚಗಿನ, ಪುಟ್ಟ ಕೈ.

'ನಾನು ದಡದಲ್ಲಿದ್ದೆ,' ಎಂದಳು ಅಲೂಕಿ. ದನಿ ತಗ್ಗಿತ್ತು, ಯಾರೂ ಇಲ್ಲದ ಮನೆಯಲ್ಲೂ ಯಾರಿಗೋ ಕೇಳಿಸಬಾರದೆಂಬಂತೆ. 'ಹದಿನಾಲ್ಕು ವರ್ಷ ನಂಗೆ. ನಾಯಿ ಕಟ್ಟೋ ಹಗ್ಗ ನನ್ನ ಕೈಯಲ್ಲೇ ಇತ್ತು. ಉದ್ದದ ಹಗ್ಗ. ನೀನು ಬಿದ್ದೆ. ಬಿದ್ದು ಕೈ ಎತ್ತಿದೆ. ದಪ್ಪ ಕೈಗವಸು ಹಾಕಿದ್ಯಲ್ಲ, ಬೆರಳು ಕಾಣ್ಲಿಲ್ಲ. ಬಾ ಅಂದ್ಯೋ, ಹೋಗು ಅಂದ್ಯೋ, ಗೊತ್ತಾಗ್ಲಿಲ್ಲ. ಗೊತ್ತಾಗ್ಲಿ ಅಂತ ನಿಂತೆ. ಇನ್ನೊಂದ್ಸಲ ಎತ್ತುತ್ತಾನೆ ಅಂತ ನಿಂತೆ. ನೀನು ಎತ್ಲಿಲ್ಲ.'

ರೇಡಿಯೋದಲ್ಲಿ ಹಾಡು ಶುರುವಾಗಿತ್ತು. ಲೀಟಿಯಾ ತನ್ನ ಉಸಿರನ್ನು ತಾನೇ ಕೇಳಿಸಿಕೊಂಡಳು. ಐದು ಸೆಕೆಂಡುಗಳನ್ನು ತಾನು ಒಂಬತ್ತು ತಿಂಗಳು ಹೊತ್ತುಕೊಂಡು ತಿರುಗಿದ್ದರೆ, ಈ ಹೆಂಗಸು ಅರವತ್ತೈದು ವರ್ಷ ಹೊತ್ತಿದ್ದಾಳೆ. ಹೊತ್ತುಕೊಂಡೇ ಮದುವೆಯಾಗಿ, ಏಳು ಮಕ್ಕಳನ್ನು ಹೆತ್ತು, ಅವರಲ್ಲಿ ಇಬ್ಬರನ್ನು ಕಳೆದುಕೊಂಡು, ಅಂಗಡಿಯಲ್ಲಿ ಬಿಸ್ಕತ್ತಿಗೆ ಕೂಗಿ, ಗಂಡುಹುಡುಗನ ಪಾರ್ಕಾ ಹೊಲಿದು, ಈ ಹುಡುಗಿ ದೊಡ್ಡವಳಾಗಲಿ, ಒಂದು ದಿನ ಕೇಳೋಣ ಎಂದು ಕಾದಿದ್ದಾಳೆ. ಅಣ್ಣನನ್ನೂ ಎರಡು ಸಲ ಕೇಳುವಂತಿಲ್ಲ. ಆದ್ದರಿಂದ ಇದೊಂದೇ ಸಲ.

'ಏನಂದೆ ಅಣ್ಣಾ? ಬಾ ಅಂದ್ಯಾ, ಹೋಗು ಅಂದ್ಯಾ?'

ಜೇಬಿನಲ್ಲಿ ಮೊಬೈಲು ನಡುಗಿತು. ಡೆರೆಕ್. ನಡುಗಿ ನಡುಗಿ ನಿಂತಿತು. ಲೀಟಿಯಾಳಿಗೆ ಏನೂ ಗೊತ್ತಿರಲಿಲ್ಲ. ನೀರಿನೊಳಗಿನಿಂದ ನೋಡಿದರೆ ದಡ ಹೇಗೆ ಕಾಣುತ್ತದೆ, ದಡದ ಮೇಲೆ ಹಗ್ಗ ಹಿಡಿದು ನಿಂತ ಹದಿನಾಲ್ಕರ ಹುಡುಗಿ ಎಷ್ಟು ಚಿಕ್ಕವಳು, ಅವಳು ಒಂದು ಹೆಜ್ಜೆ ಮುಂದಿಟ್ಟರೆ ಕಾಲಡಿಯಲ್ಲಿ ಏನಾಗುತ್ತದೆ, ಇಷ್ಟನ್ನು ಯೋಚಿಸಿದಳು. ಯೋಚಿಸಿದ್ದು ಯಾರು ಎನ್ನುವುದು ಆ ಕ್ಷಣಕ್ಕೆ ಅಷ್ಟು ಸ್ಪಷ್ಟವಿರಲಿಲ್ಲ.

'ಹೋಗು ಅಂದೆ,' ಎಂದಳು, ಬಾಯಿಬಿಟ್ಟು, ಗಟ್ಟಿಯಾಗಿ. 'ಬರಬೇಡ, ಹಿಂದಕ್ಕೆ ಹೋಗು ಅಂದೆ. ನೀನು ನಿಂತಿದ್ದು ನೋಡಿ ಸಮಾಧಾನ ಆಯ್ತು.'

ಅಲೂಕಿ ಮೂಗೊರೆಸಿಕೊಂಡಳು. ಆಮೇಲೆ ಕತ್ತಿ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಲ್ಯಾಪ್‌ಟಾಪಿನ ಕಡೆಗೆ ಗದ್ದ ತೋರಿಸಿದಳು.

'ಹಾಗಾದ್ರೆ ಅದು ತಪ್ಪು.'

'ಯಾವುದು?'

'ಮೇಷ್ಟ್ರ ಕೈ. ಅದು ಬಾ ಅನ್ನುತ್ತೆ. ನೋಡಿದೋರೆಲ್ಲ ಏನಂತಾರೆ? ಅಣ್ಣ ಕರೆದ, ಇವಳು ಹೋಗ್ಲಿಲ್ಲ ಅಂತಾರೆ. ತಿದ್ದು ಅದನ್ನ.'

'ತಿದ್ದೋಕೆ ಮತ್ತೆ ತೆಗೀಬೇಕು ಕಣೇ. ಈಗ ಗಡ್ಡೆ ಎಲ್ಲಿದೆ? ಮುಂದಿನ ಚಳಿಗಾಲದ ತನಕ ಕಾಯ್ಬೇಕು.'

'ಕಾಯಿ. ಆವಾಗ ಕಾಯ್ಲಿಲ್ಲ, ಈಗ ಕಾಯಿ.'

'ನೀನಿರ್ಬೇಕಲ್ಲ ನೋಡೋಕೆ.'

'ನಾನಿರ್ತೀನಿ. ಗಡ್ಡೆ ಇರುತ್ತಾ ನೋಡ್ಕೋ.'

ಲೀಟಿಯಾ ಮೊಬೈಲು ತೆಗೆದಳು. ಗಂಟೆ ನಾಲ್ಕು ಹತ್ತು. ಡೆರೆಕ್‌ಗೆ ಎರಡು ಸಾಲು ಬರೆದಳು: ಒಪ್ಪಿಗೆ ಇಲ್ಲ, ಆ ದೃಶ್ಯ ಮತ್ತೆ ತೆಗೆಯಬೇಕು, ಈ ವರ್ಷದ ಪಟ್ಟಿಯಿಂದ ನಮ್ಮನ್ನು ಕೈಬಿಡಲಿ. ಕಳಿಸಿ ಮೊಬೈಲನ್ನು ಜೇಬಿಗೆ ಹಾಕಿದಳು. ಮೂರು ವರ್ಷ. ಕ್ಯಾಮೆರಾದವನ ವಿಷಯ ಯಾವತ್ತಾದರೂ ಹೇಳಬೇಕೇ ಎಂದು ಕೇಳಿಕೊಂಡಳು.

ಅಷ್ಟರಲ್ಲಿ ಅಲೂಕಿ ನೆಲಕ್ಕೆ ಕೈಯೂರಿ ಎದ್ದು ಕಿಟಕಿಯ ಬಳಿ ಹೋಗಿ ನಿಂತಿದ್ದಳು. 'ಬಾ ಇಲ್ಲಿ. ಆ ಮೇಷ್ಟ್ರಿಗೆ ನೀನು ಏನು ಹೇಳ್ಕೊಡ್ತೀಯೋ ನೋಡ್ತೀನಿ. ಎತ್ತು ಕೈ.'

ಲೀಟಿಯಾ ಎತ್ತಿದಳು.

'ಥೂ, ಅದು ಗಾಡಿ ನಿಲ್ಲಿಸೋ ಕೈ. ತೋಳು ಮುಂದೆ ಚಾಚು. ಅಂಗೈ ಆಚೆಗೆ. ಇಲ್ಲಿಂದ, ಎದೆಯಿಂದ ನೂಕು. ಹಿಂದಕ್ಕೆ ನೂಕು ನನ್ನ.' ಅವಳ ಮಣಿಕಟ್ಟು ಹಿಡಿದು ತಿರುಗಿಸಿದಳು. 'ಹಾಗೆ. ಇನ್ನೂ ಜೋರಾಗಿ. ನೀರಲ್ಲಿದ್ದೀಯ, ನಿಂಗೆ ಹೊತ್ತಿಲ್ಲ.' ತಾನೂ ಪಕ್ಕದಲ್ಲಿ ನಿಂತು ಕೈ ಚಾಚಿ ನೂಕಿದಳು. ಇಬ್ಬರೂ ಕಿಟಕಿಯ ಗಾಜಿನ ಆಚೆಗೆ, ಜಲ್ಲಿ ರಸ್ತೆಯ ಕಡೆಗೆ, ಅದರಾಚೆಯ ಕಪ್ಪು ಗಡ್ಡೆಯ ಕಡೆಗೆ ನೂಕಿದರು, ಮತ್ತೆ ನೂಕಿದರು.

ಎದುರುಮನೆಯ ಜೋನಾಸಿ, ಹಿಂದೆ ಮೀನಿನ ಡಬ್ಬ ಕಟ್ಟಿಕೊಂಡು, ತನ್ನ ನಾಲ್ಕು ಚಕ್ರದ ಹೋಂಡಾವನ್ನು ಅಲೂಕಿಯ ಮೆಟ್ಟಿಲಿನ ಹತ್ತಿರಕ್ಕೆ ತಂದು ನಿಲ್ಲಿಸುತ್ತಿದ್ದ. ತಲೆಯೆತ್ತಿ ಕಿಟಕಿಯಲ್ಲಿದ್ದ ಇಬ್ಬರನ್ನೂ ನೋಡಿದ. ಟೋಪಿ ಹಿಂದಕ್ಕೆ ಸರಿಸಿ ಇನ್ನೊಮ್ಮೆ ನೋಡಿದ. ಆಮೇಲೆ ಏನೂ ಕೇಳದೆ, ಗಾಡಿಯನ್ನು ನಿಧಾನವಾಗಿ ತಿರುಗಿಸಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದ.

ಅಲೂಕಿ ಕೈ ಇಳಿಸಿದಳು. ಅವನ ಬೆನ್ನು ಸಹಕಾರಿ ಅಂಗಡಿಯ ಮೂಲೆಯಲ್ಲಿ ಮರೆಯಾಗುವ ತನಕ ನೋಡುತ್ತಲೇ ಇದ್ದಳು.

'ಹೋಗು ಅಂದಿದ್ದು ಅವನಿಗೆ ಗೊತ್ತಾಯ್ತು,' ಎಂದಳು.